ಯಾವ ಮೀಟರಿಗೆ ಯಾವ ವಾಲ್ವು? – ಕಂಟ್ರೋಲ್ ರೂಮಿನ ಒಂದು ಚರಿತ್ರೆ

ಕಳೆದ ವರ್ಷ ರಾಜ್ಯೋತ್ಸವದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು: "ಅಲ್ಲಯ್ಯ, ಎಲೆಕ್ಟ್ರಿಷಿಯನ್ ಅಂತೀಯ, ಫ್ಯಾನ್ ರಿಪೇರಿ ಕೇಳಿದ್ರೆ ಗೊತ್ತಿಲ್ಲ ಅಂತೀಯ. ದಿನಾ ಪ್ಲಾಂಟಿಗೆ ಹೋಗಿ ಮಾಡೋದಾದ್ರೂ ಏನು?" ಬಿಸಿಬೇಳೆಬಾತ್ ಬಡಿಸಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಅಂತ ನಕ್ಕು ಸುಮ್ಮನಾದೆ. ಸಂಚಿಕೆಗೆ ಬರೆಯಿರಿ ಅಂತ ಸಂಪಾದಕರು ಕೇಳಿದಾಗ ಆ ಪ್ರಶ್ನೆ ಮತ್ತೆ ನೆನಪಾಯಿತು. ಅದಕ್ಕೆ ಉತ್ತರ ಇದು, ಸ್ವಲ್ಪ ಉದ್ದವಾಯಿತು.

ನಾನು ಕೆಲಸ ಮಾಡುವುದು ಬಾಯ್ಲರ್ ಇರುವ ಪ್ಲಾಂಟಿನಲ್ಲಿ. ಇಲ್ಲಿ ಗಲ್ಫ್‌ನಲ್ಲಿ ಎಷ್ಟೋ ಕಡೆ ಸಮುದ್ರದ ನೀರನ್ನು ಉಗಿಯ ಶಾಖದಿಂದಲೇ ಭಟ್ಟಿ ಇಳಿಸಿ ಕುಡಿಯುವ ನೀರು ಮಾಡುತ್ತಾರೆ, ಅಂದರೆ ಉಗಿ ನಿಂತರೆ ನಲ್ಲಿಯೂ ನಿಲ್ಲುತ್ತದೆ. ಅಂಥ ಪ್ಲಾಂಟಿನಲ್ಲಿ ಸಾವಿರಾರು ಮೀಟರುಗಳು, ನೂರಾರು ವಾಲ್ವುಗಳು ಇರುತ್ತವೆ. ಒಂದೊಂದು ಮೀಟರೂ ಏನೋ ಒಂದನ್ನು ಅಳೆಯುತ್ತದೆ, ಒಂದೊಂದು ವಾಲ್ವೂ ಏನೋ ಒಂದನ್ನು ಹೆಚ್ಚು ಕಡಿಮೆ ಮಾಡುತ್ತದೆ. ಯಾವ ಮೀಟರಿನ ಮಾತನ್ನು ಯಾವ ವಾಲ್ವು ಕೇಳಬೇಕು? ಆ ತೀರ್ಮಾನ ವಾಲ್ವಿನ ಪಕ್ಕದಲ್ಲೇ ಆಗಬೇಕೋ, ದೂರದ ಕೋಣೆಯಲ್ಲೋ? ಒಬ್ಬ ಯಜಮಾನ ಎಲ್ಲವನ್ನೂ ನೋಡಿಕೊಳ್ಳಬೇಕೋ, ಹತ್ತು ಜನ ಹಂಚಿಕೊಳ್ಳಬೇಕೋ? ಇದಕ್ಕೆ ಕಂಟ್ರೋಲ್ ಸ್ಟ್ರಕ್ಚರ್ ಅಂತಾರೆ. ನಮ್ಮ ಐಟಿಐ ಪಾಠದಲ್ಲಿ ಈ ಪದವೇ ಇರಲಿಲ್ಲ. ಮೋಟರ್ ಸ್ಟಾರ್ಟರ್, ರಿಲೇ, ಮೆಗ್ಗರ್, ಅಷ್ಟೇ. ಇಲ್ಲಿಗೆ ಬಂದ ಮೇಲೆ ಶಿಫ್ಟ್ ಮುಗಿಸಿ ರೂಮಿನಲ್ಲಿ ಕೂತು, ಸಿಕ್ಕಿದ್ದನ್ನು ಓದಿ ತಿಳಿದುಕೊಂಡಿದ್ದು.

ಆದರೆ ಹೆಸರು ಗೊತ್ತಿಲ್ಲದೆ ಚಿಕ್ಕವನಿದ್ದಾಗಲೇ ಒಂದನ್ನು ನೋಡಿದ್ದೆ. ನಮ್ಮ ಕಡೆ, ಕುಣಿಗಲ್ ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಇದೆ. ಅಲ್ಲಿ ಸೈಫನ್ ಇದೆ. ನೀರು ಒಂದು ಮಟ್ಟ ದಾಟಿದ ಕೂಡಲೇ ತಾನಾಗಿಯೇ ಹೊರಗೆ ನುಗ್ಗುತ್ತದೆ, ಮಟ್ಟ ಇಳಿದರೆ ತಾನಾಗಿಯೇ ನಿಲ್ಲುತ್ತದೆ. ಗೇಟು ತಿರುಗಿಸೋಕೆ ಆಳಿಲ್ಲ, ಮೋಟರಿಲ್ಲ, ಕರೆಂಟು ಬೇಡ. ಮಳೆಗಾಲದಲ್ಲಿ ತಾತ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಅಳೆಯೋದೂ ಅದೇ, ತೀರ್ಮಾನ ಮಾಡೋದೂ ಅದೇ, ನೀರು ಬಿಡೋದೂ ಅದೇ. ಮಧ್ಯೆ ತಂತಿ ಇದ್ದರೆ ತಾನೇ ಕಡಿದು ಹೋಗೋದು!

ಕಾರ್ಖಾನೆಗಳ ಚರಿತ್ರೆಯೂ ಹೀಗೆ ಪಕ್ಕದಲ್ಲೇ ನಿಂತು ಕೆಲಸ ಮಾಡುವ ಯಜಮಾನನಿಂದಲೇ ಶುರುವಾಗುತ್ತದೆ. 1788ರಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್ನಿಗೆ ಎರಡು ಗುಂಡುಗಳಿರುವ ಗವರ್ನರ್ ಕೂರಿಸಿದ. ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ವಾಲ್ವನ್ನು ಸ್ವಲ್ಪ ಮುಚ್ಚುತ್ತವೆ. ಒಂದು ಅಳತೆ, ಒಂದು ವಾಲ್ವು. ಇಂಥ ಗವರ್ನರುಗಳು ಒಮ್ಮೊಮ್ಮೆ ಸುಮ್ಮನೆ ತೂಗಾಡುತ್ತಾ ವೇಗವನ್ನು ಮೇಲೆ ಕೆಳಗೆ ಮಾಡುವುದು ಯಾಕೆ ಅಂತ 1868ರಲ್ಲಿ ಮ್ಯಾಕ್ಸ್‌ವೆಲ್ ಗಣಿತದಲ್ಲಿ ಬಿಡಿಸಿ ತೋರಿಸಿದರು. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಎಂಬುವರು ಹಡಗಿನ ಚುಕ್ಕಾಣಿ ಹಿಡಿಯುವವನು ಏನು ಮಾಡುತ್ತಾನೆ ಅಂತ ಗಮನಿಸಿ ಬರೆದರು. ಅವನು ಈಗ ಎಷ್ಟು ತಪ್ಪಿದೆ ಅಂತ ಮಾತ್ರ ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ತಪ್ಪಿದೆ, ಎಷ್ಟು ಬೇಗ ತಪ್ಪುತ್ತಿದೆ ಅಂತಲೂ ನೋಡುತ್ತಾನೆ. ಇವತ್ತು ನಮ್ಮ ಪ್ಲಾಂಟಿನಲ್ಲಿರುವ ಪಿಐಡಿ ಕಂಟ್ರೋಲರುಗಳ ಒಳಗಿರೋದೂ ಆ ಮೂರೇ ಲೆಕ್ಕ. ಒಬ್ಬ ನಾವಿಕನ ಕೈಯ ಅಭ್ಯಾಸ ಅದು.

ಆಮೇಲೆ ಬಂದದ್ದು ಗಾಳಿಯ ಕಾಲ. 1930ರ ದಶಕದಲ್ಲಿ ಅಮೆರಿಕದ ಫಾಕ್ಸ್‌ಬರೋ, ಟೇಲರ್ ಕಂಪನಿಗಳು ಗಾಳಿಯ ಒತ್ತಡದಿಂದ ನಡೆಯುವ ಕಂಟ್ರೋಲರುಗಳನ್ನು ಮಾರಿದವು. ಅವುಗಳನ್ನು ಟ್ಯೂನ್ ಮಾಡುವ ವಿಧಾನವನ್ನು ಟೇಲರ್ ಕಂಪನಿಯ ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಪ್ರಕಟಿಸಿದರು. ಈಗಲೂ ನಮ್ಮ ಇನ್‌ಸ್ಟ್ರುಮೆಂಟ್ ಹುಡುಗರ ಬಾಯಲ್ಲಿ ಆ ಜೋಡಿ ಹೆಸರು ಓಡಾಡುತ್ತದೆ. ಸಣ್ಣ ತಾಮ್ರದ ಕೊಳವೆಯಲ್ಲಿ 3ರಿಂದ 15 ಪಿಎಸ್‌ಐ ಒತ್ತಡದ ಗಾಳಿಯೇ ಸಂದೇಶ. ಟ್ಯಾಂಕ್ ಖಾಲಿ ಇದ್ದರೆ 3, ತುಂಬಿದ್ದರೆ 15. ಸೊನ್ನೆಯಿಂದ ಯಾಕೆ ಶುರುಮಾಡಲಿಲ್ಲ? ಕೊಳವೆ ಒಡೆದರೆ ಒತ್ತಡ ಸೊನ್ನೆಗೆ ಬರುತ್ತದೆ. ಆಗ "ಟ್ಯಾಂಕ್ ಖಾಲಿ" ಅನ್ನೋದಕ್ಕೂ "ನನ್ನ ಕೊಳವೆ ಒಡೆದಿದೆ, ನನ್ನ ಮಾತು ನಂಬಬೇಡಿ" ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗಬೇಕು. ಕರೆಂಟಿನ ಕಾಲ ಬಂದಾಗ 4ರಿಂದ 20 ಮಿಲಿ ಆಂಪಿಯರ್ ಮಾಡಿದ್ದರಲ್ಲೂ ಇದೇ ಜಾಣತನ ಇದೆ. ಮೊದಲ ದಿನ ನಮ್ಮ ಫೋರ್‌ಮನ್ ಇದನ್ನು ಹೇಳಿಕೊಟ್ಟಾಗ, ಎಷ್ಟು ವರ್ಷ ಮೀಟರ್ ಹಿಡಿದರೂ ಇದು ನನಗೆ ಹೊಳೆದಿರಲಿಲ್ಲವಲ್ಲ ಅನಿಸಿತು.

ಕೊಳವೆ ಬಂದ ಮೇಲೆ ಯಜಮಾನ ವಾಲ್ವಿನ ಪಕ್ಕದಲ್ಲೇ ನಿಲ್ಲಬೇಕಾಗಿರಲಿಲ್ಲ. ಎಲ್ಲ ಮೀಟರುಗಳನ್ನೂ ಒಂದೇ ಗೋಡೆಗೆ ತಂದರು. ಅದೇ ಕಂಟ್ರೋಲ್ ರೂಂ. ಗಲ್ಫ್‌ಗೆ ಬಂದ ಹೊಸದರಲ್ಲಿ ನನಗೆ ಸಿಕ್ಕ ಮೊದಲ ಕೆಲಸವೇ ಅಂಥದೊಂದು ಹಳೇ ಪ್ಯಾನೆಲ್ ಬಿಚ್ಚುವುದು. ಗೋಡೆಯುದ್ದಕ್ಕೂ ಗೇಜುಗಳು, ಉರುಳುವ ಕಾಗದದ ಮೇಲೆ ಕೆಂಪು ಹಸಿರು ಶಾಯಿಯಲ್ಲಿ ಗೆರೆ ಎಳೆಯುವ ಪೆನ್ನುಗಳು. ಅಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದರು, ಕೇರಳದವರು, ರಿಟೈರ್ ಆಗುವ ವಯಸ್ಸು. ಬಾಗಿಲಲ್ಲಿ ನಿಂತು ಗೋಡೆಯ ಕಡೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಎರಡನೇ ಬಾಯ್ಲರ್ ಇವತ್ತು ಸರಿಯಿಲ್ಲ ಅನ್ನುತ್ತಿದ್ದರು. ಸರಿ ಇದ್ದಾಗ ಮುಳ್ಳುಗಳೆಲ್ಲ ಹೇಗೆ ನಿಂತಿರುತ್ತವೆ ಅನ್ನುವುದು ಅವರಿಗೆ ಮನೆಯವರ ಮುಖದಷ್ಟು ಪರಿಚಯ. ಯಾವ ಮುಳ್ಳು ಅಂತ ಕೇಳಿದರೆ ಅವರಿಗೂ ಕೂಡಲೇ ಹೇಳೋಕೆ ಬರುತ್ತಿರಲಿಲ್ಲ. ಆ ಪ್ಯಾನೆಲ್ ಬಿಚ್ಚಿ ಸ್ಕ್ರ್ಯಾಪ್ ಲಾರಿಗೆ ಹಾಕಿದ ದಿನ ಅವರು ಟೀ ಕುಡಿಯೋಕೆ ಬರಲಿಲ್ಲ.

ಈಗ ಬಾಯ್ಲರಿನ ವಿಷಯ. ಕಂಟ್ರೋಲ್ ಸ್ಟ್ರಕ್ಚರ್ ಅಂದರೆ ಏನು ಅಂತ ಅರ್ಥವಾಗೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಾಯ್ಲರಿನ ಮೇಲೆ ಡ್ರಮ್ ಇರುತ್ತದೆ, ಅದರಲ್ಲಿ ಅರ್ಧ ನೀರು, ಅರ್ಧ ಉಗಿ. ನೀರು ತೀರಾ ಕಡಿಮೆಯಾದರೆ ಟ್ಯೂಬುಗಳು ಸುಟ್ಟು ಹೋಗುತ್ತವೆ. ಹೆಚ್ಚಾದರೆ ನೀರು ಉಗಿಯ ಜೊತೆ ಟರ್ಬೈನಿಗೆ ಹೋಗಿ ಅದನ್ನು ಹಾಳು ಮಾಡುತ್ತದೆ. ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಸುಲಭದ್ದು: ಮಟ್ಟ ಇಳಿದರೆ ನೀರಿನ ವಾಲ್ವು ತೆರೆ, ಏರಿದರೆ ಮುಚ್ಚು. ಮನೆಯ ಟ್ಯಾಂಕಿನ ಬಾಲ್ ವಾಲ್ವ್ ಮಾಡೋದೂ ಅದೇ ಅಲ್ವಾ?

ಆದರೆ ಟರ್ಬೈನ್ ಒಮ್ಮೆಲೇ ಹೆಚ್ಚು ಉಗಿ ಎಳೆದುಕೊಂಡಾಗ ಡ್ರಮ್ಮಿನಲ್ಲಿ ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದರೆ ನೀರಿನೊಳಗಿನ ಗುಳ್ಳೆಗಳು ಉಬ್ಬುತ್ತವೆ, ಹೊಸ ಗುಳ್ಳೆಗಳು ಹುಟ್ಟುತ್ತವೆ. ನೀರು ಕಡಿಮೆಯಾಗುತ್ತಿರುವಾಗಲೇ ಮಟ್ಟ ಮೇಲೇರಿದಂತೆ ಕಾಣುತ್ತದೆ. ಒಲೆಯ ಮೇಲೆ ಹಾಲು ಉಕ್ಕಿದಾಗ ಪಾತ್ರೆಯಲ್ಲಿ ಹಾಲು ಹೆಚ್ಚಾಯಿತೇ? ಇಲ್ಲವಲ್ಲ. ಆದರೆ ಮಟ್ಟವನ್ನು ಮಾತ್ರ ನೋಡುವ ಕಂಟ್ರೋಲರ್, ಹಾಲು ಉಕ್ಕಿತು ಅಂತ ಹಾಲಿನವನಿಗೆ ನಾಳೆಯಿಂದ ಬರಬೇಡ ಎಂದ ಹಾಗೆ, ನೀರಿನ ವಾಲ್ವನ್ನು ಮುಚ್ಚುತ್ತದೆ. ಬೇಕಾದ ಹೊತ್ತಿನಲ್ಲೇ ನೀರು ನಿಲ್ಲುತ್ತದೆ.

ಅದಕ್ಕೆ ಇಂಜಿನಿಯರುಗಳು ಕಂಡುಕೊಂಡ ಪರಿಹಾರ ಮೂರು ಅಳತೆಯ ಕಂಟ್ರೋಲ್. ಡ್ರಮ್ಮಿನಿಂದ ಎಷ್ಟು ಉಗಿ ಹೋಗುತ್ತಿದೆ ಅಂತ ಅಳೆದು ಅಷ್ಟೇ ನೀರನ್ನು ಮೊದಲು ಒಳಗೆ ಕಳಿಸು. ನಿಜಕ್ಕೂ ಅಷ್ಟು ಹೋಗುತ್ತಿದೆಯೇ ಅಂತ ನೀರಿನ ಪೈಪಿನಲ್ಲಿ ಇನ್ನೊಂದು ಮೀಟರ್ ಇಟ್ಟು ನೋಡಿಕೋ. ಮಟ್ಟದ ಮೀಟರಿಗೆ ನಿಧಾನವಾಗಿ ತಿದ್ದುವ ಕೆಲಸ ಮಾತ್ರ ಕೊಡು. ಇಲ್ಲಿ ಮೀಟರ್ ಯಾವುದೂ ಕೆಟ್ಟಿರಲಿಲ್ಲ, ವಾಲ್ವೂ ಸರಿಯಿತ್ತು. ಬದಲಾಗಿದ್ದು ಯಾರ ಮಾತನ್ನು ಯಾರು, ಎಷ್ಟು ಬೇಗ ಕೇಳಬೇಕು ಅನ್ನೋದು ಮಾತ್ರ. ಸ್ಟ್ರಕ್ಚರ್ ಅಂದರೆ ಇದೇ.

ಇನ್ನು ಕಂಪ್ಯೂಟರ್ ಬಂದ ಕಥೆ. 1959ರಲ್ಲಿ ಅಮೆರಿಕದ ಟೆಕ್ಸಾಸಿನ ಪೋರ್ಟ್ ಆರ್ಥರ್‌ನಲ್ಲಿ, ಟೆಕ್ಸಾಕೋ ರಿಫೈನರಿಯ ಒಂದು ಘಟಕಕ್ಕೆ ಆರ್‌ಡಬ್ಲ್ಯೂ–300 ಎಂಬ ಕಂಪ್ಯೂಟರನ್ನು ಜೋಡಿಸಿದರು. 26 ಹರಿವುಗಳು, 72 ಉಷ್ಣತೆಗಳು ಅದರ ಕಣ್ಣ ಮುಂದೆ ಇದ್ದವು. ಆದರೆ ಅದು ವಾಲ್ವಿಗೆ ನೇರವಾಗಿ ಕೈ ಹಾಕುತ್ತಿರಲಿಲ್ಲ. ಹಳೆಯ ಕಂಟ್ರೋಲರುಗಳಿಗೆ "ಇಷ್ಟಕ್ಕೆ ನಿಲ್ಲಿಸು" ಅಂತ ಗುರಿ ಹೇಳುವುದಷ್ಟೇ ಅದರ ಕೆಲಸ. ಮೇಸ್ತ್ರಿ ಹೇಳ್ತಾನೆ, ಗಾರೆಯವನು ಮಾಡ್ತಾನೆ. ಮೇಸ್ತ್ರಿ ಒಂದು ದಿನ ಬರದಿದ್ದರೆ ಗೋಡೆ ಬೀಳುವುದಿಲ್ಲ.

ಮೂರೇ ವರ್ಷದಲ್ಲಿ, 1962ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿ ಒಂದು ಹೆಜ್ಜೆ ಮುಂದೆ ಹೋಯಿತು. ಫ್ಲೀಟ್‌ವುಡ್‌ನ ಸೋಡಾ ಕಾರ್ಖಾನೆಯಲ್ಲಿ ಹಳೆಯ ಕಂಟ್ರೋಲರುಗಳ ಕೆಲಸವನ್ನೆಲ್ಲ ಫೆರಾಂಟಿ ಆರ್ಗಸ್ ಅನ್ನೋ ಒಂದೇ ಕಂಪ್ಯೂಟರಿಗೆ ಕೊಟ್ಟರು. ಅದು 224 ಅಳತೆಗಳನ್ನು ಓದಿ 129 ವಾಲ್ವುಗಳನ್ನು ತಾನೇ ನಡೆಸುತ್ತಿತ್ತು. ಆ ಧೈರ್ಯ ಮೆಚ್ಚಬೇಕು. ಯಾಕಂದರೆ 1958ರ ಸುಮಾರಿನ ಕಂಪ್ಯೂಟರುಗಳು ಸರಾಸರಿ 50ರಿಂದ 100 ಗಂಟೆಗೊಮ್ಮೆ ಕೆಟ್ಟು ನಿಲ್ಲುತ್ತಿದ್ದವು, 1962ರ ಹೊತ್ತಿಗೆ ಅದು ಸುಮಾರು 1000 ಗಂಟೆಗೆ ಬಂದಿತ್ತು. 1000 ಗಂಟೆ ಅಂದರೆ ಎಷ್ಟು? ಆರು ವಾರ. ಆರು ವಾರಕ್ಕೊಮ್ಮೆ ಎಲ್ಲ ವಾಲ್ವುಗಳ ಯಜಮಾನ ಒಟ್ಟಿಗೆ ತಲೆ ತಿರುಗಿ ಬೀಳಬಹುದು ಅಂತ ಲೆಕ್ಕ.

ಅದಕ್ಕೇ ಚರಿತ್ರೆ ಮತ್ತೆ ಹಂಚುವ ಕಡೆಗೆ ತಿರುಗಿತು. ಅದಕ್ಕೂ ಮೊದಲು ನನ್ನ ಜಾತಿಯವರ, ಅಂದರೆ ಎಲೆಕ್ಟ್ರಿಷಿಯನ್ನರ, ಒಂದು ಮಾತು. 1968ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಮ್ಯಾಟಿಕ್ ವಿಭಾಗದವರಿಗೆ ಸಾಕಾಗಿ ಹೋಗಿತ್ತು. ಕಾರಿನ ಮಾಡೆಲ್ ಬದಲಾದಾಗಲೆಲ್ಲ ಗೋಡೆ ತುಂಬಾ ಇರುವ ರಿಲೇಗಳ ವೈರಿಂಗ್ ಕಿತ್ತು ಹೊಸದಾಗಿ ಹಾಕಬೇಕು. ರಿಲೇಗಳ ಬದಲು ಕಂಪ್ಯೂಟರಿನಂಥದ್ದು ಬೇಕು, ಆದರೆ ನಮ್ಮ ಎಲೆಕ್ಟ್ರಿಷಿಯನ್ನರಿಗೆ ಅದು ಅರ್ಥವಾಗಬೇಕು ಅಂದರು. ಡಿಕ್ ಮೋರ್ಲಿಯವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಮಾಡಿಕೊಟ್ಟ ಯಂತ್ರಕ್ಕೆ ಮೊಡಿಕಾನ್ 084 ಅಂತ ಹೆಸರು. ಅದು ಅವರ 84ನೇ ಪ್ರಾಜೆಕ್ಟ್, ಅದಕ್ಕೇ ಆ ನಂಬರ್. ಅದೇ ಮೊದಲ ಪಿಎಲ್‌ಸಿಗಳಲ್ಲಿ ಒಂದು. ಅದರ ಪ್ರೋಗ್ರಾಂ ರಿಲೇ ಡ್ರಾಯಿಂಗ್ ತರಹವೇ ಏಣಿಯ ರೂಪದಲ್ಲಿ ಇತ್ತು. ಐಟಿಐ ಓದಿದ ನಾನು ಇವತ್ತು ಲ್ಯಾಪ್‌ಟಾಪಿನಲ್ಲಿ ಆ ಏಣಿ ಓದಿ ಎಲ್ಲಿ ಕಡಿದಿದೆ ಅಂತ ಹೇಳಬಲ್ಲೆ ಅಂದರೆ, ಅದಕ್ಕೆ ಆ ಕಾಲದ ಡೆಟ್ರಾಯ್ಟಿನ ಕಡೆಯ ಎಲೆಕ್ಟ್ರಿಷಿಯನ್ನರೇ ಕಾರಣ. ಅವರನ್ನು ಬಿಟ್ಟು ಹೊಸ ಯಂತ್ರ ತರೋಕೆ ಆಗಲಿಲ್ಲ.

1975ರಲ್ಲಿ ಹನಿವೆಲ್ ಕಂಪನಿಯ ಟಿಡಿಸಿ 2000, ಜಪಾನಿನ ಯೊಕೊಗಾವಾದ ಸೆಂಟಮ್, ಎರಡೂ ಬಂದವು. ಇವೇ ಡಿಸಿಎಸ್, ಅಂದರೆ ಹಂಚಿದ ಕಂಟ್ರೋಲ್. ಟಿಡಿಸಿ 2000ರಲ್ಲಿ ಒಂದು ಕಂಟ್ರೋಲರ್ ಡಬ್ಬಿಗೆ ಎಂಟು ಲೂಪುಗಳು ಮಾತ್ರ. ಒಂದು ಡಬ್ಬಿ ಕೆಟ್ಟರೆ ಎಂಟು ಹೋಗುತ್ತವೆ, ಉಳಿದವು ನಡೆಯುತ್ತಿರುತ್ತವೆ. ತೀರ್ಮಾನ ಹಂಚಿಕೆಯಾಯಿತು, ನೋಡುವುದು ಮಾತ್ರ ಒಂದೇ ಪರದೆಯಲ್ಲಿ. ಇವತ್ತಿನ ದೊಡ್ಡ ಪ್ಲಾಂಟುಗಳೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿವೆ. ಪಕ್ಕದಲ್ಲಿ ಸೇಫ್ಟಿ ಸಿಸ್ಟಮ್ ಅಂತ ಬೇರೆಯದೇ ಒಂದು ಇರುತ್ತದೆ, ಅದಕ್ಕೆ ನಿಲ್ಲಿಸುವುದೊಂದೇ ಕೆಲಸ.

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿಯಿತು. ಡ್ಯೂಪಾಂಟ್ ಕಂಪನಿಯ ಬಕ್ಲಿ 1964ರಲ್ಲಿ ಬರೆದ ಪುಸ್ತಕದಲ್ಲಿ, ಇಡೀ ಪ್ಲಾಂಟನ್ನು ಒಟ್ಟಾಗಿ ನೋಡಿ, ಟ್ಯಾಂಕಿನಿಂದ ಟ್ಯಾಂಕಿಗೆ ಮಾಲು ಸರಾಗವಾಗಿ ಹರಿಯುವ ಕೆಲಸವನ್ನೂ ಮಾಲಿನ ಗುಣ ಕಾಯುವ ಕೆಲಸವನ್ನೂ ಬೇರೆ ಬೇರೆ ಮಾಡಿ ಅಂದರು. 1966ರಲ್ಲಿ ಫಾಕ್ಸ್‌ಬರೋದ ಬ್ರಿಸ್ಟಲ್ ಒಂದು ಕೋಷ್ಟಕ ಹಾಕಿಕೊಟ್ಟರು. ಯಾವ ಅಳತೆಗೆ ಯಾವ ವಾಲ್ವು ಜೋಡಿಯಾದರೆ ಪಕ್ಕದ ಜೋಡಿಯ ಜೊತೆ ಜಗಳ ಕಡಿಮೆ ಅಂತ ನೋಡೋ ಲೆಕ್ಕ ಅದು. ನಮ್ಮಲ್ಲಿ ಜಾತಕ ಕೂಡಿಸುವ ಹಾಗೆಯೇ, ಆದರೆ ಇದು ಸರಿಬರುತ್ತದೆ. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಫಾಸ್ ಅನ್ನೋ ಪ್ರೊಫೆಸರ್ ಕಟುವಾಗಿ ಬರೆದರು. ಗಣಿತದವರು ಕಷ್ಟದ ಸಮೀಕರಣ ಬಿಡಿಸುತ್ತಾ ಕೂತಿದ್ದೀರಿ, ಏನನ್ನು ಅಳೆಯಬೇಕು, ಏನನ್ನು ತಿರುಗಿಸಬೇಕು, ಯಾವುದಕ್ಕೆ ಯಾವುದನ್ನು ಕಟ್ಟಬೇಕು ಅನ್ನೋ ಪ್ರಶ್ನೆಯನ್ನೇ ಬಿಟ್ಟಿದ್ದೀರಿ ಅನ್ನುವುದು ಅವರ ದೂರಿನ ಸಾರ. ಗೊತ್ತಿರುವ ಇಂಜಿನಿಯರೊಬ್ಬರು ಅದನ್ನು ವಿವರಿಸಿದಾಗ, ಮಟ್ಟದ ಮೀಟರಿನ ಕಥೆಯೇ ಇದು ಅನಿಸಿತು.

ಆ ದೂರು ಬರೆದು ಆರು ವರ್ಷಕ್ಕೆ, 1979ರ ಮಾರ್ಚ್ 28ರ ಬೆಳಗಿನ ಜಾವ, ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಕೇಂದ್ರದಲ್ಲಿ ಒತ್ತಡ ಇಳಿಸುವ ಒಂದು ವಾಲ್ವು ತೆರೆದುಕೊಂಡಿತು, ಆಮೇಲೆ ಮುಚ್ಚಲಿಲ್ಲ. ಪ್ಯಾನೆಲಿನಲ್ಲಿ ಅದರ ದೀಪ ಮಾತ್ರ ಆರಿತು. ದೀಪ ಆರಿತು, ಅಂದರೆ ವಾಲ್ವು ಮುಚ್ಚಿದೆ ಅಂತ ಆಪರೇಟರುಗಳು ತಿಳಿದರು. ಆದರೆ ಆ ದೀಪದ ತಂತಿ ಹೋಗಿದ್ದು ವಾಲ್ವಿಗಲ್ಲ, ಅದರ ಸೊಲೆನಾಯ್ಡಿಗೆ. "ಮುಚ್ಚು ಅಂತ ಹೇಳಿಯಾಗಿದೆ" ಅನ್ನೋದನ್ನಷ್ಟೇ ಆ ದೀಪ ಹೇಳುತ್ತಿತ್ತು. ಇನ್ನೊಂದು ಕಡೆ ರಿಯಾಕ್ಟರಿನಲ್ಲಿ ಎಷ್ಟು ನೀರಿದೆ ಅಂತ ನೇರವಾಗಿ ಅಳೆಯುವ ಮೀಟರೇ ಇರಲಿಲ್ಲ. ಪ್ರೆಶರೈಸರ್ ಅನ್ನೋ ಡ್ರಮ್ಮಿನ ಮಟ್ಟ ನೋಡಿ ಅಂದಾಜು ಮಾಡಬೇಕಿತ್ತು. ನೀರು ಸೋರಿ ಹೋಗುತ್ತಿರುವಾಗ ಆ ಮಟ್ಟ ಏರುತ್ತಿತ್ತು, ನಮ್ಮ ಬಾಯ್ಲರ್ ಡ್ರಮ್ಮಿನ ಹಾಗೆಯೇ. ನೀರು ಜಾಸ್ತಿಯಾಯಿತು ಅಂದುಕೊಂಡು ಆಪರೇಟರುಗಳು ತುರ್ತು ನೀರನ್ನು ಕಡಿಮೆ ಮಾಡಿದರು. ಆ ವಾಲ್ವಿನ ದಾರಿ ಮುಚ್ಚೋಕೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ರಿಯಾಕ್ಟರಿನ ಒಳಭಾಗ ಕರಗತೊಡಗಿತ್ತು.

1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ರಿಫೈನರಿಯಲ್ಲಿ ಆದದ್ದು ಪರದೆಯ ಕಾಲದ ಕಥೆ. ಸಿಡಿಲಿನಿಂದ ಪ್ಲಾಂಟ್ ಅಲ್ಲೋಲಕಲ್ಲೋಲವಾಗಿತ್ತು. ಒಂದು ವಾಲ್ವು ಮುಚ್ಚಿಕೊಂಡಿತ್ತು, ಪರದೆ ಅದನ್ನು ತೆರೆದಿದೆ ಅಂತ ತೋರಿಸುತ್ತಿತ್ತು. ಒಳಗೆ ಬರುವ ದಾರಿ ಇದೆ, ಹೊರಗೆ ಹೋಗುವ ದಾರಿ ಇಲ್ಲ. ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ 275 ಅಲಾರಂ ಬಂದವು. ಎರಡು ಮೂರು ಸೆಕೆಂಡಿಗೊಂದು! ಒಪ್ಪಿಕೊಳ್ಳುವ ಬಟನ್ ಒತ್ತುವುದೇ ಒಂದು ಕೆಲಸವಾಗುತ್ತದೆ, ಓದೋದು ಎಲ್ಲಿ ಬಂತು? 26 ಜನರಿಗೆ ಗಾಯಗಳಾದವು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಇಡೀ ಘಟಕವನ್ನು ಒಂದೇ ನೋಟದಲ್ಲಿ ತೋರಿಸುವ ಚಿತ್ರ ಆ ಪರದೆಗಳಲ್ಲಿ ಇರಲಿಲ್ಲ. ಅದನ್ನು ಓದಿದಾಗ ಬಾಗಿಲಲ್ಲಿ ನಿಂತು ಗೋಡೆ ನೋಡುತ್ತಿದ್ದ ಆ ಹಿರಿಯರ ಮುಖ ಕಣ್ಣ ಮುಂದೆ ಬಂತು. ಗೋಡೆ ಬಿಚ್ಚಿದವರಲ್ಲಿ ನಾನೂ ಒಬ್ಬ.

ಈಗ ನನ್ನ ಸ್ವಂತದ್ದು. ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಕೆಲವು ವರ್ಷಗಳ ಹಿಂದೆ, ಈಗಿನದಲ್ಲ, ಬೇರೊಂದು ಪ್ಲಾಂಟಿನಲ್ಲಿ, ಬೇಸಿಗೆಯ ರಾತ್ರಿ ಪಾಳಿ. ಬಾಯ್ಲರ್ ಕಂಟ್ರೋಲರುಗಳು ಎರಡು, ಒಂದು ಕೆಟ್ಟರೆ ಇನ್ನೊಂದು. ಅವಕ್ಕೆ ಕರೆಂಟು ಎರಡು ಕಡೆಯಿಂದ, ಎ ಮತ್ತು ಬಿ. ಬಿ ಲೈನಿನ ಬ್ರೇಕರ್ ಬದಲಿಸಬೇಕಿತ್ತು. ಪರ್ಮಿಟ್ ಇತ್ತು, ಡ್ರಾಯಿಂಗ್ ಇತ್ತು. ಎ ಲೈನಿನಲ್ಲಿ ವೋಲ್ಟೇಜ್ ಇದೆಯೇ ಅಂತ ಮೀಟರ್ ಹಿಡಿದು ನೋಡಿದೆ, ಇತ್ತು. ಬಿ ಬೋರ್ಡ್ ಆಫ್ ಮಾಡಿದೆ.

ಎರಡೂ ಕಂಟ್ರೋಲರ್ ಒಟ್ಟಿಗೆ ಸತ್ತವು. ಟ್ರಿಪ್ ರಿಲೇಗಳು ಟಪಟಪ ಬಿದ್ದವು, ಇಂಧನದ ವಾಲ್ವುಗಳು ಮುಚ್ಚಿಕೊಂಡವು, ಬಾಯ್ಲರ್ ನಿಂತಿತು. ಯಾವಾಗಲೂ ಕಿವಿಯಲ್ಲಿ ಇರುವ ಆ ಸದ್ದು ಇಲ್ಲವಾದಾಗ ಎದೆಯಲ್ಲಿ ಆಗುವುದು ಪ್ಲಾಂಟಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಯಾರಿಗೂ ಏನೂ ಆಗಲಿಲ್ಲ, ಯಾಕಂದರೆ ಕರೆಂಟು ಹೋದರೆ ನಿಲ್ಲುವ ಕಡೆಗೇ ಬೀಳಬೇಕು ಅಂತ ಆ ರಿಲೇಗಳನ್ನು ಯಾರೋ ಪುಣ್ಯಾತ್ಮರು ಮೊದಲೇ ಕಟ್ಟಿದ್ದರು.

ಬೆಳಿಗ್ಗೆ ಕೇಬಲ್ ಹಿಡಿದು ಟ್ರೇ ಉದ್ದಕ್ಕೂ ನಡೆದಾಗ ಗೊತ್ತಾಯಿತು. ಹಿಂದೆ ಯಾವಾಗಲೋ ಒಂದು ಮಾರ್ಪಾಡಿನಲ್ಲಿ ಎ ಲೈನನ್ನೂ ಬಿ ಬೋರ್ಡಿನಿಂದಲೇ ಎಳೆದಿದ್ದರು. ಡ್ರಾಯಿಂಗಿನಲ್ಲಿ ಎರಡು, ಟ್ರೇಯಲ್ಲಿ ಒಂದೇ ಮೂಲ. ನಾನು ಅಳೆದದ್ದು ವೋಲ್ಟೇಜ್ ಇದೆಯೇ ಅಂತ. ಅಳೆಯಬೇಕಿದ್ದದ್ದು ಅದು ಎಲ್ಲಿಂದ ಬರುತ್ತಿದೆ ಅಂತ. ತ್ರೀ ಮೈಲ್ ಐಲ್ಯಾಂಡಿನ ದೀಪದ ಕಥೆ ಆಗ ನನಗೆ ಗೊತ್ತಿರಲಿಲ್ಲ.

ತನಿಖೆಯಲ್ಲಿ ಡ್ರಾಯಿಂಗ್ ತಪ್ಪು ಅಂತ ಬರೆದರು, ಆದರೂ ಸಹಿ ನನ್ನದಿತ್ತು, ವಾರ್ನಿಂಗ್ ಲೆಟರ್ ನನಗೆ ಬಂತು. ಆ ವರ್ಷ ವೀಸಾ ರಿನ್ಯೂವಲ್ ಇತ್ತು, ತಂಗಿ ಮದುವೆಗೆ ಮಾಡಿದ ಸಾಲ ಅರ್ಧವೂ ತೀರಿರಲಿಲ್ಲ. ಎರಡು ತಿಂಗಳು ಮನೆಗೆ ಫೋನ್ ಮಾಡಿದಾಗೆಲ್ಲ ಎಲ್ಲಾ ಚೆನ್ನಾಗಿದೆ ಅಂತಲೇ ಹೇಳಿದೆ. ಕೊನೆಗೆ ರಿನ್ಯೂವಲ್ ಆಯಿತು. ಎ ಲೈನಿಗೆ ಬೇರೆ ಯುಪಿಎಸ್‌ನಿಂದ ಹೊಸ ಕೇಬಲ್ ಎಳೆಯೋ ಕೆಲಸವನ್ನು ನನಗೇ ಕೊಟ್ಟರು. ಎಳೆದು, ಎರಡೂ ತುದಿಗೆ ಟ್ಯಾಗ್ ಕಟ್ಟಿ, ಒಂದೊಂದೇ ಬೋರ್ಡ್ ಆಫ್ ಮಾಡಿ ತೋರಿಸಿದ ಮೇಲೆಯೇ ಸಹಿ ಹಾಕಿದೆ. ಡ್ರಾಯಿಂಗಿನ ಹೊಸ ಆವೃತ್ತಿಯಲ್ಲಿ ಈಗ ಅದು ಸರಿಯಾಗಿದೆ. ಲೆಟರ್ ಮಾತ್ರ ಆ ಕಂಪನಿಯ ಫೈಲಿನಲ್ಲಿ ಹಾಗೇ ಇರಬೇಕು.